ಪಾಳ್ಯಾಗ ನಿಂತವರ ತಲಿ ಎಣಸ್ರಿ

ನಮ್ಮಕ್ಕನ ಮೊಮ್ಮಗಳು ನಾಲ್ಕು ವರ್ಷದ ಕೂಸಿದ್ದಾಗ ಅಮೆರಿಕಾಕ್ಕ ಹೋದಳು. ಈಗ 20. ಮುಂದಿನ ವರ್ಷ 21 ತುಂಬಿತಂದ್ರ ಅಪ್ಪನ ವೀಸಾದಾಗ ಇರಲಿಕ್ಕೆ ಬರೂದಿಲ್ಲ. ಅಪ್ಪನ ಗ್ರೀನ್ ಕಾರ್ಡಿನ ಪಾಳಿ ಇನ್ನೂ ಬಂದಿಲ್ಲ.

ನೌಕರಿ ಮ್ಯಾಲೆ ವರ್ಷಕ್ಕ ಸುಮಾರು 1,40,000 ಕಾರ್ಡು, ಅದು 1990ರ ಕಾಯ್ದೆ ಲೆಕ್ಕ. ನೌಕರಿ, ಕುಟುಂಬ ಎರಡೂ ಕೂಡಿ ಒಂದು ದೇಶಕ್ಕ ನೂರಕ್ಕ 7ರ ಮಿತಿ. ಭಾರತಕ್ಕೂ ಅಷ್ಟ, ಐಸ್‌ಲ್ಯಾಂಡಿಗೂ ಅಷ್ಟ!

‘ಎಲ್ಲಾರಿಗೂ ಸಮ’ ಅಂತಾರ. ಎರಡು ಮಂದಿ ಮನಿಗೂ ಇಪ್ಪತ್ತು ಮಂದಿ ಮನಿಗೂ ಒಂದ ಬಟ್ಟಲ ಸಾರು ಕೊಟ್ರ ಸಮ ಆತೇನ್ರಿ? ನಮ್ಮ ರೇಷನ್ ಅಂಗಡ್ಯಾಗೂ ತಲಿ ಎಣಿಸಿ ಅಕ್ಕಿ ಕೊಡ್ತಾರ.

ದೇಶದ ಮಿತಿ ತಗೀರಿ. ಒಟ್ಟು ಕಾರ್ಡೂ ಹೆಚ್ಚು ಮಾಡ್ರಿ, ಇಲ್ಲಂದ್ರ ನಮ್ಮ ಸಂಕಟ ಬ್ಯಾರೆಯವರ ತಲಿಗೆ ಹೋಗ್ತದ. ಪಾಳಿ ಹಚ್ಚಿದಾಗ ಕೂಸಿದ್ದಾಕಿ ಪಾಳಿ ಬರೂದ್ರಾಗ ದೊಡ್ಡಾಕಿ ಆದ್ರ, ಅದು ಆಕಿ ತಪ್ಪೇನು?