ಟೊಮೊಕೊ ಓಹ್ತಾ: ಆಯ್ಕೆಗೂ ಆಕಸ್ಮಿಕಕ್ಕೂ ನಡುವಿನ ಲೆಕ್ಕ

ಜಪಾನಿನ ಜೀವವಿಕಾಸ ವಿಜ್ಞಾನಿ ಟೊಮೊಕೊ ಓಹ್ತಾ ಅವರ ಹೆಸರು ಸಾಮಾನ್ಯ ಓದುಗರ ಕಿವಿಗೆ ಬೀಳುವುದೇ ಅಪರೂಪ. ಬಿದ್ದರೂ ತಳಿವಿಜ್ಞಾನಿ ಮೊಟೂ ಕಿಮುರಾ ಅವರ ಸಹೋದ್ಯೋಗಿ ಎಂಬಷ್ಟಕ್ಕೇ ಪರಿಚಯ ಮುಗಿಯುತ್ತದೆ. ಇದು ನ್ಯಾಯವಲ್ಲ. ಕಿಮುರಾ ಸಿದ್ಧಾಂತದಲ್ಲೇ ಉಳಿದಿದ್ದ ದೊಡ್ಡ ಗಂಟೊಂದನ್ನು ಬಿಡಿಸಿದವರು ಓಹ್ತಾ.

1933ರಲ್ಲಿ ಐಚಿ ಪ್ರಾಂತ್ಯದಲ್ಲಿ ಹುಟ್ಟಿದ ಅವರು 1956ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ಕೃಷಿ ಪದವಿ ಪಡೆದರು. ಮುಂದೆ ಕಿಹಾರಾ ಸಂಸ್ಥೆಯಲ್ಲಿ ಗೋಧಿ ಮತ್ತು ಸಕ್ಕರೆ ಬೀಟ್‌ಗಳ ವರ್ಣತಂತುಗಳನ್ನು ಅಧ್ಯಯನ ಮಾಡಿದರು. ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, 1966ರಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದರು. ಮರುವರ್ಷ ಮಿಶಿಮಾದ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆಯಲ್ಲಿ ಕಿಮುರಾ ತಂಡ ಸೇರಿದರು.

ಪ್ರೋಟೀನು, ಡಿಎನ್‌ಎ ಮಟ್ಟದ ಬದಲಾವಣೆಗಳಲ್ಲಿ ಬಹುಪಾಲು ಜೀವಿಗೆ ಲಾಭವನ್ನೂ ತರುವುದಿಲ್ಲ, ನಷ್ಟವನ್ನೂ ತರುವುದಿಲ್ಲ. ಅವು ಆಕಸ್ಮಿಕವಾಗಿ ಹರಡುತ್ತವೆ ಎಂದು 1968ರಲ್ಲಿ ಕಿಮುರಾ ಮಂಡಿಸಿದ ತಟಸ್ಥ ಸಿದ್ಧಾಂತ ಹೇಳಿತು. ಆದರೆ ಅದು ಒಂದು ಕಡೆ ತಡವರಿಸಿತು. ಇಂಥ ಬದಲಾವಣೆಗಳು, ಅಂದರೆ ಉತ್ಪರಿವರ್ತನೆಗಳು, ಮುಖ್ಯವಾಗಿ ತಲೆಮಾರಿನ ಲೆಕ್ಕದಲ್ಲಿ ಕೂಡುತ್ತವೆ ಎನ್ನುವುದಾದರೆ, ಬೇಗ ಬೇಗ ಮರಿ ಹಾಕುವ ಇಲಿಯ ಪ್ರೋಟೀನುಗಳು ಆನೆಯವಕ್ಕಿಂತ ಎಷ್ಟೋ ವೇಗವಾಗಿ ಬದಲಾಗಬೇಕಿತ್ತು. ಅಷ್ಟು ದೊಡ್ಡ ಅಂತರ ಕಾಣಲಿಲ್ಲ. ಪ್ರೋಟೀನುಗಳ ಗಡಿಯಾರ ಹೆಚ್ಚುಕಡಿಮೆ ವರ್ಷಗಳ ಲೆಕ್ಕದಲ್ಲೇ ನಡೆಯುತ್ತಿತ್ತು.

1973ರಲ್ಲಿ ‘ನೇಚರ್’ ಪತ್ರಿಕೆಯ ಪುಟ್ಟ ಲೇಖನದಲ್ಲಿ ಓಹ್ತಾ ಉತ್ತರ ಕೊಟ್ಟರು. ಪೂರ್ಣ ತಟಸ್ಥ ಹಾಗೂ ಸ್ಪಷ್ಟ ಹಾನಿಕರ ಎಂಬ ಎರಡರ ನಡುವೆ, ತುಸುವೇ ಹಾನಿ ಮಾಡುವ ಉತ್ಪರಿವರ್ತನೆಗಳ ದೊಡ್ಡ ಗುಂಪಿದೆ. ಅವುಗಳ ಗತಿಯನ್ನು ನಿರ್ಧರಿಸುವುದು ಜೀವಿಗಳ ಸಂಖ್ಯೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಸಲ ಒಂದೇ ಮುಖ ಬಿದ್ದರೆ ಅಚ್ಚರಿಯಿಲ್ಲ. ಹತ್ತು ಸಾವಿರ ಸಲ ಚಿಮ್ಮಿದರೆ ಏಳು ಸಾವಿರ ಸಲ ಹಾಗೆ ಬೀಳದು. ಹಾಗೆಯೇ ಸಣ್ಣ ಗುಂಪಿನಲ್ಲಿ ಆಕಸ್ಮಿಕದ ಕೈ ಮೇಲಾಗಿ ತುಸು ಹಾನಿಕರವಾದದ್ದೂ ನೆಲೆ ನಿಲ್ಲುತ್ತದೆ. ದೊಡ್ಡ ಗುಂಪಿನಲ್ಲಿ ನೈಸರ್ಗಿಕ ಆಯ್ಕೆ ಅದನ್ನು ಹೆಕ್ಕಿ ತೆಗೆಯುತ್ತದೆ. ಇಲಿಗಳಲ್ಲಿ ತಲೆಮಾರು ಬೇಗ ಉರುಳಿದರೂ ಸಂಖ್ಯೆ ದೊಡ್ಡದಾದ್ದರಿಂದ ಜರಡಿ ಬಿಗಿ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ.

ಗುರುಸಮಾನರಾದ ಕಿಮುರಾ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ತಟಸ್ಥ ಸಿದ್ಧಾಂತದ ಸರಳತೆ ಅವರಿಗೆ ಪ್ರಿಯವಾಗಿತ್ತು. ಅದೇ ಸಂಸ್ಥೆಯಲ್ಲಿದ್ದೂ ಓಹ್ತಾ ತಮ್ಮ ನಿಲುವು ಸಡಿಲಿಸಲಿಲ್ಲ. ಅವರ ಬೌದ್ಧಿಕ ಧೈರ್ಯವನ್ನು ಅಳೆಯಬೇಕಾದದ್ದು ಇಲ್ಲೇ. ಡಿಎನ್‌ಎ ಅನುಕ್ರಮಗಳು ರಾಶಿ ಬೀಳತೊಡಗಿದ ಮೇಲೆ, 1995ರಲ್ಲಿ, ಅವರು ಸಸ್ತನಿಗಳ 49 ವಂಶವಾಹಿಗಳನ್ನು ಹೋಲಿಸಿದರು. ಪ್ರೋಟೀನನ್ನು ಬದಲಿಸುವ ಮತ್ತು ಬದಲಿಸದ ವ್ಯತ್ಯಾಸಗಳ ಅನುಪಾತ ಅವರ ಊಹೆಗೇ ಬಲ ಕೊಟ್ಟಿತು.

ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿ ತಡವಾಗಿ ಬಂತು. 2015ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ಜೊತೆ ಕ್ರಾಫೋರ್ಡ್ ಪ್ರಶಸ್ತಿ ಸಂದಾಗ ಓಹ್ತಾ ಎಂಬತ್ತು ದಾಟಿದ್ದರು.

ಓಹ್ತಾ ಅವರ ಈ ಲೆಕ್ಕ ಇಂದು ವನ್ಯಜೀವಿ ಸಂರಕ್ಷಣೆಗೂ ಬೇಕು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಹುಲಿಗಳ ಜೀನೋಮ್ ಪರಿಶೀಲಿಸಿದಾಗ, ರಾಜಸ್ಥಾನದ ರಣಥಂಭೋರ್‌ನ ಪ್ರತ್ಯೇಕಗೊಂಡ ಸಣ್ಣ ಗುಂಪಿನಲ್ಲಿ ರಕ್ತಸಂಬಂಧಿಗಳ ಕೂಡುವಿಕೆಯ ಗುರುತುಗಳು ಕಂಡವು. ಕಾಡುಗಳ ನಡುವಿನ ಸಂಚಾರಪಥ ಕಡಿದರೆ ಇಂಥ ಸಣ್ಣ ಗುಂಪುಗಳು ಹೆಚ್ಚುತ್ತವೆ. ಅಲ್ಲಿ ತುಸು ಹಾನಿಕರವಾದದ್ದನ್ನು ಹೊರಹಾಕುವ ಶಕ್ತಿ ಆಯ್ಕೆಗೆ ಉಳಿಯುವುದಿಲ್ಲ.