ಮೆಡಿಕಲ್ ಶಾಪಿಗೆ ಲೈಸೆನ್ಸ್ ಬೇಕು, ಎಂ.ಎಸ್.ಡಬ್ಲ್ಯೂ.ಗೆ ಬೇಡವೇ?

ನಿಮ್ಮೂರಲ್ಲಿ ಮೆಡಿಕಲ್ ಶಾಪ್ ತೆರೆಯಬೇಕಾದರೆ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಬೇಕು. ನರ್ಸ್‌ಗೆ ನರ್ಸಿಂಗ್ ಕೌನ್ಸಿಲ್ ಇದೆ, ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ಬಿ.ಎಡ್. ಕಾಲೇಜಿಗೆ ಎನ್‌ಸಿಟಿಇ ಇದೆ. ಆಟೊ ಓಡಿಸುವವರೂ ಲೈಸೆನ್ಸ್ ತೋರಿಸಬೇಕು. ಆದರೆ ಬಾಲ್ಯವಿವಾಹ ತಪ್ಪಿಸಿ ಕರೆತಂದ ಹುಡುಗಿಯ ಎದುರು ಕೂತು, ಇವಳನ್ನು ವಾಪಸ್ ಮನೆಗೆ ಕಳಿಸಬಹುದೇ ಎಂದು ವರದಿ ಬರೆಯುವವರು ಓದಿದ ಸಮಾಜಕಾರ್ಯ ಕೋರ್ಸಿಗೆ? ಅದಕ್ಕೆ ದೇಶದಲ್ಲಿ ಒಂದು ಕೌನ್ಸಿಲ್ ಇಲ್ಲ.

ಇದು ನಿನ್ನೆ ಮೊನ್ನೆ ಹುಟ್ಟಿದ ಕೋರ್ಸ್ ಅಲ್ಲ. 1936ರಲ್ಲೇ ಮುಂಬೈಯಲ್ಲಿ ದೊರಾಬ್ಜಿ ಟಾಟಾ ಹೆಸರಿನಲ್ಲಿ ಮೊದಲ ಶಾಲೆ ಶುರುವಾಯಿತು, ಈಗ ಅದನ್ನೇ ಟಿಸ್ ಅನ್ನುತ್ತೇವೆ. ನಮ್ಮಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಯುಜಿಸಿ ಸಮಿತಿಗಳು ಕೂತು ಎದ್ದವು, ವರದಿ ಕೊಟ್ಟವು. 1990ರ ದಶಕದಲ್ಲಿ ರಾಷ್ಟ್ರೀಯ ಕೌನ್ಸಿಲ್‌ಗೆ ಮಸೂದೆಯ ಕರಡೂ ತಯಾರಾಯಿತು. ಕರಡು ಕರಡಾಗಿಯೇ ಉಳಿಯಿತು.

'ನ್ಯಾಕ್ ಇದೆಯಲ್ಲ' ಎಂದು ಕೇಳುವವರಿದ್ದಾರೆ. ಇದೆ, ಅದರ ಕಚೇರಿ ಇರುವುದೂ ಬೆಂಗಳೂರಿನಲ್ಲೇ. ಆದರೆ ನ್ಯಾಕ್ ಗ್ರೇಡ್ ಕೊಡುವುದು ಇಡೀ ಕಾಲೇಜಿಗೆ. ಬಿ.ಕಾಂ., ಬಿ.ಎಸ್ಸಿ., ಲೈಬ್ರರಿ, ಶೌಚಾಲಯ ಎಲ್ಲ ಸೇರಿ ಒಂದು ಅಕ್ಷರ. ಆ 'ಎ' ಗ್ರೇಡಿನ ಕೆಳಗೆ ಸಮಾಜಕಾರ್ಯ ವಿಭಾಗ ಗೆಸ್ಟ್ ಲೆಕ್ಚರರ್ ಮೇಲೆ ನಡೆಯುತ್ತಿದೆಯೋ, ಮಕ್ಕಳು ಫೀಲ್ಡಿಗೆ ಹೋಗುತ್ತಿದ್ದಾರೋ ಎಂಬುದು ಗೇಟಿನ ಬ್ಯಾನರಿನಲ್ಲಿ ಕಾಣುವುದಿಲ್ಲ.

ಈ ಕೋರ್ಸಿನ ಜೀವ ಇರುವುದೇ ಫೀಲ್ಡ್ ವರ್ಕ್‌ನಲ್ಲಿ. ವಾರದಲ್ಲಿ ಒಂದೆರಡು ದಿನ ಹಳ್ಳಿಗೋ, ಆಸ್ಪತ್ರೆಗೋ, ಬಾಲಮಂದಿರಕ್ಕೋ ಹೋಗಬೇಕು, ಜನರ ಜೊತೆ ಕೂರಬೇಕು, ಬಂದು ಬರೆಯಬೇಕು. ಅನುಭವಿ ಮೇಷ್ಟ್ರು ಅದನ್ನು ಓದಿ 'ಇಲ್ಲಿ ನೀನು ಕೇಳಿಸಿಕೊಳ್ಳಲಿಲ್ಲ, ಬುದ್ಧಿ ಹೇಳಿಬಿಟ್ಟೆ' ಎಂದು ತಿದ್ದಬೇಕು. ಈ ಕೊನೆಯ ಕೆಲಸವೇ ನಿಜವಾದ ಪಾಠ. ಜಿಲ್ಲೆಯಲ್ಲಿ ಸುತ್ತುವಾಗ ನಾವು ಕಂಡಿದ್ದು ಬೇರೆ. ಹಾಜರಿ ಶೀಟಿಗೆ ಪಂಚಾಯಿತಿಯ ಸೀಲು ಹಾಕಿಸಿಕೊಂಡು ಮಧ್ಯಾಹ್ನದ ಬಸ್ಸಿಗೇ ವಾಪಸ್. ಶಿಬಿರ ಎಂದರೆ ಒಂದು ದಿನ ಚರಂಡಿ ಕ್ಲೀನ್, ಒಂದು ಬೀದಿನಾಟಕ, ಗ್ರೂಪ್ ಫೋಟೊ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ರಿಪೋರ್ಟ್ ಜೆರಾಕ್ಸ್ ಅಂಗಡಿಯಲ್ಲಿ ರೆಡಿ ಸಿಗುತ್ತದೆ, ತಾಲ್ಲೂಕಿನ ಹೆಸರು ಬದಲಿಸಿದರೆ ಮುಗಿಯಿತು. (ಹಳೆ ತಾಲ್ಲೂಕಿನ ಹೆಸರು ಒಳಗೆ ಹಾಗೇ ಉಳಿದಿದ್ದ ರಿಪೋರ್ಟನ್ನೂ ನಾವು ನೋಡಿದ್ದೇವೆ.)

ಇದರಲ್ಲಿ ಹುಡುಗರನ್ನು ಬೈಯುವುದು ಸುಲಭ. ಬಸ್ ಚಾರ್ಜು ಅವರ ಜೇಬಿಂದ, ತಿದ್ದುವ ಮೇಷ್ಟ್ರಿಗೆ ಸಂಬಳ ತಡ. ಫೀಸು ಕಟ್ಟಿಸಿಕೊಂಡ ಆಡಳಿತ ಮಂಡಳಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಕೇಳುವ ಅಧಿಕಾರ ಇರುವವರೇ ಇಲ್ಲ.

ಅಮೆರಿಕದಲ್ಲಿ 1952ರಿಂದಲೇ ಇದಕ್ಕೊಂದು ಪ್ರತ್ಯೇಕ ಮಂಡಳಿ ಇದೆ. ಅದರ ಮಾನ್ಯತೆ ಬೇಕಾದರೆ ಸ್ನಾತಕೋತ್ತರ ಕೋರ್ಸಿನಲ್ಲಿ ಕನಿಷ್ಠ 900 ಗಂಟೆ ಫೀಲ್ಡಿನಲ್ಲಿರಬೇಕು. ಅಷ್ಟು ದೂರ ಯಾಕೆ, ನಮ್ಮದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ನೋಡಿ. ಮನೋರೋಗ ಸಮಾಜಕಾರ್ಯಕರ್ತರಿಗೆ ಎಂ.ಎಸ್.ಡಬ್ಲ್ಯೂ. ಸಾಲದು, ಮೇಲ್ವಿಚಾರಣೆಯಲ್ಲಿ ಎರಡು ವರ್ಷ ತರಬೇತಿ ಪಡೆದ ಎಂ.ಫಿಲ್. ಬೇಕು ಎಂದು ಅದು ಹೇಳಿತು. ಅಂದರೆ ಆಸ್ಪತ್ರೆಯೊಳಗಿನ ಕೆಲಸಕ್ಕೆ ಅಳತೆ ಇಡಲು ಸರ್ಕಾರಕ್ಕೆ ಬರುತ್ತದೆ. ಹಳ್ಳಿಯ ಕೆಲಸಕ್ಕೆ ಮಾತ್ರ ಏನಾದರೂ ನಡೆಯುತ್ತದೆ.

ನಡೆಯಬಾರದು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕ ಇಬ್ಬರು ಸಮಾಜಕಾರ್ಯಕರ್ತರು ಕೂರಬೇಕು ಎಂದು 2015ರ ಕಾಯ್ದೆ ಹೇಳುತ್ತದೆ. ತಪ್ಪು ಮಾಡಿ ಸಿಕ್ಕಿಬಿದ್ದ ನಿಮ್ಮ ಓಣಿಯ ಹುಡುಗನ ಮುಂದಿನ ದಾರಿ ಅಲ್ಲಿ ತೀರ್ಮಾನವಾಗುತ್ತದೆ.

ಡಿಗ್ರಿ ಇದ್ದವರೆಲ್ಲ ಸೇವೆ ಮಾಡುತ್ತಾರಾ, ನಮ್ಮ ಆಶಾ ಅಕ್ಕಂದಿರು ಯಾವ ಎಂ.ಎಸ್.ಡಬ್ಲ್ಯೂ. ಓದಿದ್ದಾರೆ ಎಂದು ಕೇಳುತ್ತೀರಿ. ಸರಿಯಾದ ಪ್ರಶ್ನೆ. ಊರಿನ ಕೆಲಸ ಮಾಡುವವರನ್ನು ಹೊರಗಿಡುವ ಕೌನ್ಸಿಲ್ ನಮಗೂ ಬೇಡ. ಹಣ ಕಟ್ಟಿಸಿಕೊಂಡು, ಫೀಸಿನ ಜೊತೆ ತರಬೇತಿಯನ್ನೂ ಕೊಡುತ್ತೇವೆ ಎಂದವರನ್ನು ಅಳೆಯಿರಿ ಎನ್ನುತ್ತಿದ್ದೇವೆ, ಅಷ್ಟೇ.

ಕೌನ್ಸಿಲ್ ಬಂದರೆ ಇನ್ನೊಂದು ಲಂಚದ ಕೌಂಟರ್ ತೆರೆಯುತ್ತದೆ ಎಂಬ ಭಯವೂ ಸುಳ್ಳಲ್ಲ. 2025ರ ಫೆಬ್ರವರಿಯಲ್ಲಿ ಗ್ರೇಡಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನೇ ಸಿಬಿಐ ಬಂಧಿಸಿತು. ಅದಕ್ಕೇ ತಪಾಸಣೆಯ ವರದಿ ಕಾಲೇಜಿನ ಬೀರುವಿನಲ್ಲಿ ಇರಬಾರದು, ಕನ್ನಡದಲ್ಲಿ, ಎಲ್ಲರ ಮೊಬೈಲಿಗೂ ಸಿಗುವಂತೆ ಇರಬೇಕು. ವಿದ್ಯಾರ್ಥಿ ಎಷ್ಟು ಗಂಟೆ ಫೀಲ್ಡಿನಲ್ಲಿದ್ದ, ಒಬ್ಬ ಮೇಷ್ಟ್ರಿಗೆ ಎಷ್ಟು ಜನ, ಅವರು ಕಾಯಂ ನೌಕರರೋ ಅಲ್ಲವೋ ಎಂದು ಅದರಲ್ಲಿರಲಿ. ಫೀಲ್ಡ್ ವರ್ಕ್ ನಡೆದ ಊರಿನವರನ್ನೂ ಕೇಳಲಿ: ಇವರು ಬಂದಿದ್ದರಾ?

ಅಲ್ಲಿಯವರೆಗೆ, ಮಗನನ್ನೋ ಮಗಳನ್ನೋ ಈ ಕೋರ್ಸಿಗೆ ಸೇರಿಸಲು ಹೊರಟಿದ್ದರೆ ಕಾಲೇಜಿನ ಆಫೀಸಿನಲ್ಲಿ ಬ್ಯಾನರ್ ನೋಡಬೇಡಿ. ಹೋದ ವರ್ಷದ ಮಕ್ಕಳು ಯಾವ ಊರಿಗೆ ಹೋಗಿದ್ದರು, ಜೊತೆಗೆ ಯಾವ ಮೇಷ್ಟ್ರು ಬಂದಿದ್ದರು ಎಂದು ಕೇಳಿ. ಊರಿನ ಹೆಸರು ಹೇಳಿದರೆ ಆ ಊರಿನ ನಿಮ್ಮ ನೆಂಟರಿಗೊಂದು ಫೋನ್ ಮಾಡಿ.