ಡೊಂಕು ನೆಲದ ಲೆಕ್ಕ

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವ ಆಟವೊಂದುಂಟು. ಅದರಲ್ಲಿ ನೆಲವಷ್ಟೇ ಅಲ್ಲ, ನೀರೂ ಡೊಂಕಾಗಿರಬಹುದು. ಒಂದರ ಬೆನ್ನಿಗೊಂದರಂತೆ, ನಡುವೆ ವಿಶ್ರಾಂತಿಯಿಲ್ಲದೆ, ಈಜಿ, ಸೈಕಲ್ ತುಳಿದು, ಓಡಿ ಮುಗಿಸಬೇಕಾದ ಟ್ರಯಥ್ಲಾನ್ ಎಂಬ ಸ್ಪರ್ಧೆಯೇ ಅದು. ಅದರ ಒಲಿಂಪಿಕ್ ಪ್ರಮಾಣವೆಂದರೆ ಒಂದೂವರೆ ಕಿಲೋಮೀಟರು ಈಜು, 40 ಕಿಲೋಮೀಟರು ಸೈಕಲ್ ಸವಾರಿ, 10 ಕಿಲೋಮೀಟರು ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಸಲ ಸ್ಥಾನ ದೊರೆಯಿತು. ನೂರು ಮೀಟರು ಓಟದ ಹಾದಿಯು ಬೆಂಗಳೂರಿನಲ್ಲಿಯೂ ಅಷ್ಟೇ, ಬರ್ಲಿನ್ನಿನಲ್ಲಿಯೂ ಅಷ್ಟೇ. ಟ್ರಯಥ್ಲಾನಿನ ಐವತ್ತೊಂದೂವರೆ ಕಿಲೋಮೀಟರು ಮಾತ್ರ ಊರಿಂದೂರಿಗೆ ಬೇರೆ ಬೇರೆ. ಅಳತೆ ಒಂದೇ ಅಲ್ಲವೆ ಎಂದು ನಂಬಿ ಸಿಕ್ಕ ಮೊದಲನೆಯ ಸ್ಪರ್ಧೆಗೆ ಹೆಸರು ಕೊಡುವವನು ಪಾತ್ರೆಯ ಆಕಾರ ನೋಡಿ ಅಡಿಗೆಯ ರುಚಿಯನ್ನು ಹೇಳಹೊರಟವನಂತೆ.

ಇಂಥ ಉತ್ಸಾಹಿಯು ಸಾಮಾನ್ಯವಾಗಿ ಮೊದಲು ನೋಡುವುದು ದಿನಾಂಕವನ್ನು, ಅನಂತರ ಪ್ರವೇಶಶುಲ್ಕವನ್ನು, ಆಮೇಲೆ, ಹೇಳಿಕೊಳ್ಳಲು ಸಂಕೋಚವಾದರೂ, ಕೊರಳಿಗೆ ಹಾಕುವ ಪದಕದ ಚಿತ್ರವನ್ನು. ಆತನು ಮೊದಲು ನೋಡಬೇಕಾದದ್ದು ನೀರನ್ನು. ಅಮೆರಿಕದಲ್ಲಿ 1985ರಿಂದ 2016ರವರೆಗೆ ಈ ಸ್ಪರ್ಧೆಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನಗಳನ್ನು ವೈದ್ಯರು ಒಟ್ಟುಗೂಡಿಸಿದಾಗ 135 ಪ್ರಕರಣಗಳು ಸಿಕ್ಕವು. ಅವುಗಳಲ್ಲಿ 90 ಈಜಿನ ಭಾಗದಲ್ಲಿಯೇ ನಡೆದಿದ್ದವು. ಭಾಗವಹಿಸಿದವರ ಲೆಕ್ಕದಲ್ಲಿ ಇದು ಲಕ್ಷಕ್ಕೆ ಎರಡಕ್ಕಿಂತ ಕಡಮೆಯೆಂಬುದು ನಿಜ. ಹೆದರಿ ಮನೆಯಲ್ಲಿ ಕೂಡಬೇಕಾದ ಸಂಖ್ಯೆಯಲ್ಲ. ಆದರೆ ಮೂರು ಭಾಗಗಳಲ್ಲಿ ದೂರವೂ ಹೊತ್ತೂ ಅತ್ಯಂತ ಕಡಮೆಯಾದ ಭಾಗದಲ್ಲಿಯೇ ಮೂರರಲ್ಲಿ ಎರಡು ಪಾಲು ಅನಾಹುತಗಳಾದವೆಂಬುದನ್ನು ಮರೆಯುವಂತಿಲ್ಲ. ಬಲಿಯಾದವರಲ್ಲಿ ಬಹುಮಂದಿ ನಡುವಯಸ್ಸಿನ ಗಂಡಸರು. ಸ್ಪರ್ಧೆಗೆ ಹೆಸರು ಕೊಡುವ ಮೊದಲು ಹೃದಯವನ್ನು ವೈದ್ಯರಿಗೆ ತೋರಿಸಿಕೊಂಡು ಬನ್ನಿರೆಂದು ಮನೆಯಾಕೆ ಹಟ ಹಿಡಿದರೆ ಅದನ್ನು ಹೆಂಗರುಳಿನ ಭಯವೆಂದು ತಳ್ಳಿಹಾಕತಕ್ಕದ್ದಲ್ಲ.

ಕೊಳದಲ್ಲಿ ಕಲಿತ ಈಜುಗಾರನಿಗೆ ತೆರೆದ ನೀರು ಬೇರೆಯೇ ಲೋಕ. 25 ಮೀಟರಿನ ಕೊಳದಲ್ಲಿ ಒಂದೂವರೆ ಕಿಲೋಮೀಟರೆಂದರೆ ಅರುವತ್ತು ಉದ್ದ. ಅಷ್ಟರೊಳಗೆ ಐವತ್ತೊಂಬತ್ತು ಸಲ ಗೋಡೆ ಮುಟ್ಟುತ್ತಾನೆ, ಅಷ್ಟೇ ಸಲ ಕಾಲಿನಿಂದ ಒದ್ದು ಪುಕ್ಕಟೆಯಾಗಿ ಮುಂದಕ್ಕೆ ಹೋಗುತ್ತಾನೆ. ಕೆರೆಗೆ ಗೋಡೆಯಿಲ್ಲ. ತಳದಲ್ಲಿ ಕಪ್ಪು ಗೆರೆಯೂ ಇಲ್ಲ. ಆಗಾಗ ತಲೆಯೆತ್ತಿ ದೂರದ ಬಣ್ಣದ ಬುರುಡೆಯನ್ನು ಹುಡುಕಿಕೊಳ್ಳದಿದ್ದರೆ ಒಂದೂವರೆ ಕಿಲೋಮೀಟರು ತಾನಾಗಿಯೇ ಬೆಳೆಯುತ್ತದೆ. ಅಕ್ಕಪಕ್ಕದವರ ಕೈಕಾಲಿನ ಏಟು ಬೇರೆ. ನೂರಾರು ಮಂದಿಯನ್ನು ಒಮ್ಮೆಗೇ ನೀರಿಗೆ ಬಿಡುವ ಸ್ಪರ್ಧೆಗಿಂತ, ಕೆಲವೇ ಮಂದಿಯನ್ನು ಸರದಿಯಂತೆ ಬಿಡುವ ಸ್ಪರ್ಧೆಯು ಹೊಸಬನಿಗೆ ಎಷ್ಟೋ ಮೇಲು.

ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು ಎನ್ನುವ ಮಾತು ಇಲ್ಲಿ ಸಲ್ಲದು. ತಣ್ಣೀರಿಗೆ ತಟಕ್ಕನೆ ಧುಮುಕಿದ ದೇಹವು ತನ್ನಷ್ಟಕ್ಕೆ ಏದುಸಿರು ಬಿಡತೊಡಗುತ್ತದೆ. ಆ ಮೊದಲ ಒಂದೆರಡು ನಿಮಿಷವೇ ಗಂಡಾಂತರ. ಇದಕ್ಕಾಗಿಯೇ ರಬ್ಬರಿನ ಈಜುಡುಪು ಇದೆ. ಅದು ಬೆಚ್ಚಗಿಡುವುದಲ್ಲದೆ ದೇಹವನ್ನು ತೇಲಿಸಿ ಹಿಡಿಯುತ್ತದೆ. ಹಾಗೆಂದು ಬೇಕಾದಾಗ ತೊಡುವಂತಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಈ ದೂರದ ಈಜಿನಲ್ಲಿ ನೀರು 22 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹವ್ಯಾಸಿಗಳಿಗೆ ಅದು ನಿಷಿದ್ಧ. ಅಮೆರಿಕದ ಸಂಸ್ಥೆಯಲ್ಲಿ ಈ ಮಿತಿ 78 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು ಇಪ್ಪತ್ತೈದೂವರೆ ಡಿಗ್ರಿ. ರಬ್ಬರುಡುಪನ್ನೇ ನಂಬಿ ಈಜು ಕಲಿತವನು ಬಿಸಿ ಸೀಮೆಯ ಸ್ಪರ್ಧೆಯನ್ನು ಆರಿಸಿಕೊಂಡರೆ ಊರುಗೋಲು ಕಸಿದುಕೊಂಡಂತಾದೀತು. ಮೈಸೂರಿನ ಕೊಳದಲ್ಲಿ ಬರಿಮೈಯಲ್ಲಿ ಈಜಿದವನು ಇಂಗ್ಲೆಂಡಿಗೆ ಹೋದರೆ ಪಾಡು ಇದಕ್ಕೆ ವಿರುದ್ಧ: ಎಂದೂ ತೊಡದ ಬಿಗಿಯುಡುಪು ಸ್ಪರ್ಧೆಯ ಬೆಳಗ್ಗೆ ಎದೆಯನ್ನು ಒತ್ತುತ್ತದೆ.

ಇನ್ನು ಹರಿವು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೇನ್ ನದಿಯು ಮಳೆಯಿಂದ ಕಲುಷಿತವಾಗಿ, ಜುಲೈ 30ಕ್ಕೆ ಗೊತ್ತಾಗಿದ್ದ ಪುರುಷರ ಸ್ಪರ್ಧೆಯು ಮರುದಿನಕ್ಕೆ ಹೋಯಿತು. ನಡೆದಾಗಲೂ ಪ್ರವಾಹಕ್ಕೆ ಎದುರಾಗಿ ಈಜುವಾಗ ಜಗತ್ತಿನ ಶ್ರೇಷ್ಠರೇ ದಡದ ಗೋಡೆಗೆ ಅಂಟಿಕೊಂಡು ತೆವಳಿದಂತೆ ಸಾಗಬೇಕಾಯಿತು. ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ನಡೆದ ಸ್ಪರ್ಧೆಗಳಲ್ಲಿ ಇದಕ್ಕೆ ತಿರುವುಮುರುವು: ಅಲ್ಲಿ ಪ್ರವಾಹವೇ ಬೆನ್ನು ತಟ್ಟಿ ಮುಂದೂಡುತ್ತಿತ್ತು, ಸಾಧಾರಣ ಈಜುಗಾರನೂ ತನ್ನ ಗಡಿಯಾರವನ್ನು ನಂಬದಾಗುತ್ತಿದ್ದನು. ಸ್ಯಾನ್‌ಫ್ರಾನ್ಸಿಸ್ಕೋದ ಆಲ್ಕಟ್ರಾಜ್ ಸ್ಪರ್ಧೆ ಜಗತ್ಪ್ರಸಿದ್ಧ. ಹಳೆಯ ಸೆರೆಮನೆಯ ದ್ವೀಪದ ಬಳಿ ಹಡಗಿನಿಂದ ಕೊರೆಯುವ ಕೊಲ್ಲಿಗೆ ಧುಮುಕುವ ಆ ಸಾಹಸವನ್ನು ಮೊದಲ ಸಲಕ್ಕೆ ಆರಿಸಿಕೊಳ್ಳುವುದು ತಿರುಪತಿಯ ಮೆಟ್ಟಲನ್ನು ಮಗುವಿನ ಮೊದಲ ಹೆಜ್ಜೆಗೆ ಆರಿಸಿದ ಹಾಗೆ. ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಪರ್ಧೆಯನ್ನು ನೋಡಿ: ಊರ ನಡುವಿನ ಆಲ್ಸ್ಟರ್ ಸರೋವರ, ಸಪಾಟು ರಸ್ತೆ, ದಾರಿಯುದ್ದಕ್ಕೂ ಜನ. ಸಹಸ್ರಾರು ಹೊಸಬರು ಅಲ್ಲಿಗೆ ಬರುವುದು ಸುಮ್ಮನೆ ಅಲ್ಲ.

ಸೈಕಲ್ಲಿನ ಹಾದಿಯಲ್ಲಿ ಹೊಸಬರು ಏಮಾರುವುದು ಗಣಿತದಲ್ಲಿ. ಏರಿದಷ್ಟೂ ಇಳಿಯಬೇಕಷ್ಟೆ, ಕೊನೆಗೆ ಸರಿಹೋಯಿತಲ್ಲ ಎನ್ನುವರು. ಸರಿಹೋಗದು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರಿನಂತೆ ಹೋದರೆ 40 ಕಿಲೋಮೀಟರು ಮುಗಿಯುವುದು 96 ನಿಮಿಷಗಳಲ್ಲಿ. ಅದೇ ಸವಾರನು 20 ಕಿಲೋಮೀಟರನ್ನು 15ರ ವೇಗದಲ್ಲಿ ಏರಿ, ಉಳಿದ 20ನ್ನು 35ರ ವೇಗದಲ್ಲಿ ಇಳಿದನೆನ್ನಿ. 15 ಮತ್ತು 35ರ ಸರಾಸರಿ 25 ಎಂದು ಶಾಲೆಯ ಹುಡುಗನೂ ಹೇಳಿಯಾನು. ಆದರೆ ಏರಲು 80 ನಿಮಿಷ, ಇಳಿಯಲು 34, ಒಟ್ಟು 114. ಹದಿನೆಂಟು ನಿಮಿಷ ಬೆಟ್ಟದ ಪಾಲಾಯಿತು. ನಿಧಾನದಲ್ಲಿ ಹೆಚ್ಚು ಹೊತ್ತು ಕಳೆದು, ವೇಗದಲ್ಲಿ ಕಡಮೆ ಹೊತ್ತು ಇರುವುದರ ಫಲವಿದು. ಎದುರುಗಾಳಿ ಮತ್ತು ಹಿಂಗಾಳಿಯ ಲೆಕ್ಕವೂ ಹೀಗೆಯೇ. ಅದೂ ಅಲ್ಲದೆ ಏರಿನಲ್ಲಿ ಬಳಲಿದ ತೊಡೆಗಳೇ ಮುಂದೆ ಹತ್ತು ಕಿಲೋಮೀಟರು ಓಡಬೇಕು.

ತಿರುವುಗಳದು ಇನ್ನೊಂದು ಕಥೆ. ಪ್ಯಾರಿಸ್ಸಿನಲ್ಲಿ ಮಳೆಗೆ ನೆನೆದ ರಸ್ತೆಯ ಮೇಲೆ ನುರಿತ ಸ್ತ್ರೀಯರೇ ಜಾರಿಬಿದ್ದರು. ಸಣ್ಣ ಸುತ್ತುಗಳ ಹಾದಿಯಲ್ಲಿ ತಿರುವು ಹೆಚ್ಚು, ಗುಂಪು ಹೆಚ್ಚು. ಆದರೂ ಅದಕ್ಕೊಂದು ಗುಣವುಂಟು. ಹೆಂಡತಿ ಮಕ್ಕಳು ಒಂದೇ ಮರದ ನೆರಳಿನಲ್ಲಿ ಕುಳಿತು ತಮ್ಮವನನ್ನು ಐದಾರು ಸಲ ನೋಡಬಹುದು, ಅವನಿಗೆ ಏನಾದರೂ ಆದರೆ ಬೇಗನೆ ತಿಳಿಯುತ್ತದೆ. ಹೊಸಬನಿಗೆ ಇದು ಸಣ್ಣ ಲಾಭವಲ್ಲ.

ಕೊನೆಯದು ಬಿಸಿಲು. ಬೆಳಗ್ಗೆ ಏಳಕ್ಕೆ ನೀರಿಗಿಳಿದ ಹೊಸಬನು ಓಡಲು ತೊಡಗುವ ಹೊತ್ತಿಗೆ ಒಂಬತ್ತೂವರೆಯಾಗಿರುತ್ತದೆ. ಓಟ ಮುಗಿಯುವಾಗ ಸೂರ್ಯನು ನೆತ್ತಿಯತ್ತ ಏರಿರುತ್ತಾನೆ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸೆಕೆಗೆ ಅಂಜಿ ಸ್ಪರ್ಧೆಯನ್ನು ಬೆಳಗಿನ ಆರೂವರೆಗೇ ಆರಂಭಿಸಿದರು. 2016ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ಎಲ್ಲರಿಗಿಂತ ಮುಂದಿದ್ದ ಜೊನಾಥನ್ ಬ್ರೌನ್‌ಲೀಯು ಗುರಿಗೆ ಕೆಲವೇ ನೂರು ಮೀಟರುಗಳಿರುವಾಗ ಕುಡಿದವನಂತೆ ತೂರಾಡತೊಡಗಿದನು. ಹಿಂದಿನಿಂದ ಬಂದ ಅಣ್ಣ ಆಲಿಸ್ಟರನು ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಓಡಿ, ತಮ್ಮನನ್ನೇ ಮುಂದೆ ತಳ್ಳಿ ಗೆರೆ ದಾಟಿಸಿದನು. ಇಬ್ಬರೂ ಒಂದು ತಿಂಗಳ ಹಿಂದಷ್ಟೇ ರಿಯೋದಲ್ಲಿ ಚಿನ್ನ, ಬೆಳ್ಳಿ ಗೆದ್ದವರು! ಸಮುದ್ರತೀರದ ತೇವದ ಗಾಳಿಯಲ್ಲಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಮುಂಜಾನೆಯ ತಂಗಾಳಿಗೆ ಓಡಿ ಅಭ್ಯಾಸವಾದವರು ಚೆನ್ನೈಗೋ ಗೋವೆಗೋ ಹೋಗುವಾಗ ಇದನ್ನು ನೆನೆಯಬೇಕು. 2019ರಿಂದ ಪಣಜಿಯಲ್ಲಿ ನಡೆದು ಬಂದಿರುವ ಸ್ಪರ್ಧೆಯಂತೂ ಒಲಿಂಪಿಕ್ ಪ್ರಮಾಣದ್ದಲ್ಲ, 1.9 ಕಿಲೋಮೀಟರು ಈಜು, 90 ಸವಾರಿ, 21.1 ಓಟ. ಮನೆಗೆ ಹತ್ತಿರವೆಂಬ ಕಾರಣಕ್ಕೆ ಅದನ್ನೇ ಮೊದಲನೆಯದೆಂದು ಹಿಡಿಯುವುದು ವಿವೇಕವಲ್ಲ.

ಇಷ್ಟನ್ನೂ ತೂಗಿನೋಡಿದ ಮೇಲೆ ಹಿಂದಿನ ವರ್ಷದ ಫಲಿತಾಂಶದ ಪಟ್ಟಿಯನ್ನು ತರಿಸಿಕೊಂಡು ತಲೆಯಿಂದಲ್ಲ, ಬಾಲದಿಂದ ಓದಬೇಕು. ಕಟ್ಟಕಡೆಯವನು ಎಷ್ಟು ಹೊತ್ತು ತೆಗೆದುಕೊಂಡನು? ಅವಧಿ ಮೀರಿತೆಂದು ಎಷ್ಟು ಮಂದಿಯನ್ನು ನಡುದಾರಿಯಲ್ಲಿ ನಿಲ್ಲಿಸಿದರು? ಟ್ರಯಥ್ಲಾನ್ ಎಂಬ ಹೆಸರಿನ ಮೊದಲನೆಯ ಸ್ಪರ್ಧೆಯನ್ನು ಜ್ಯಾಕ್ ಜಾನ್‌ಸ್ಟೋನ್, ಡಾನ್ ಶಾನಹಾನ್ ಎಂಬಿಬ್ಬರು 1974ರ ಸೆಪ್ಟೆಂಬರ್ 25ರ ಸಂಜೆ ಸ್ಯಾನ್‌ಡಿಯಾಗೋದ ಮಿಷನ್ ಬೇಯಲ್ಲಿ ನಡೆಸಿದರು. ಬಂದವರು 46 ಮಂದಿ. ಹಿಂದುಳಿದವರು ಈಜುತ್ತಿರುವಾಗಲೇ ಕತ್ತಲಾಯಿತು. ದಡದಲ್ಲಿದ್ದವರು ತಮ್ಮ ಕಾರುಗಳನ್ನು ನೀರಿನತ್ತ ತಿರುಗಿಸಿ ದೀಪ ಹಾಕಿ, ಅವರು ದಡ ಸೇರುವವರೆಗೆ ಬೆಳಕು ಹಿಡಿದರು.